ನಿಲ್ಲಿಸಿದ ಹಡಗು, ನಿಂತ ತೇರು

ಕಡಲಿಲ್ಲದ ಜಿಲ್ಲೆಯವರಿಗೆ ಹಡಗಿನ ಚಿಂತೆ ಏಕೆ ಎಂದು ಯಾರಾದರೂ ಕೇಳಬಹುದು. ಆದರೆ ಗುಂಡ್ಲುಪೇಟೆಯಿಂದ ಬೆಂಗಳೂರಿನ ವಿಧಾನಸೌಧಕ್ಕೆ ಇರುವ ದೂರಕ್ಕಿಂತ ಕಲ್ಲಿಕೋಟೆಯ ಕಡಲ ತೀರಕ್ಕೆ ಇರುವ ದೂರವೇ ಕಡಿಮೆ. ಮದ್ದೂರು ಚೆಕ್‌ಪೋಸ್ಟ್ ದಾಟಿ, ಮೂಲೆಹೊಳೆ, ಸುಲ್ತಾನ್ ಬತ್ತೇರಿಗಳ ಮೇಲೆ ಹಾದು, ತಾಮರಶ್ಶೇರಿ ಘಾಟಿ ಇಳಿದರೆ ಸಮುದ್ರ. ಅಲ್ಲಿ ಒಂದು ಕಾಲದಲ್ಲಿ ಹಡಗಿಗೆ ಸರಕು ತುಂಬಲು ಕಟ್ಟಿದ್ದ ಸೇತುವೆಯ ಮುರುಕಲು ಕಬ್ಬಿಣದ ಕಂಬಗಳು ಬಹುಕಾಲ ಅಲೆಗಳ ನಡುವೆ ನಿಂತಿದ್ದವು. ನಮ್ಮ ಕಡೆಯಿಂದ ತರಕಾರಿ ಲಾರಿಗಳೊಡನೆ ಇಳಿದವರಿಗೆ, ರಜೆಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅವು ಪರಿಚಿತವಾಗಿದ್ದವು. ಕೆಲಸ ಮುಗಿಸಿದ ವಸ್ತುವೊಂದನ್ನು ಯಾರೂ ಕೇಳದೆ ಹೋದರೆ ಅದರ ಗತಿ ಏನಾಗುತ್ತದೆ ಎಂಬುದಕ್ಕೆ ಅಷ್ಟು ಹತ್ತಿರದ ಸಾಕ್ಷಿ ಮತ್ತೊಂದಿರಲಿಲ್ಲ.

ನಿವೃತ್ತಿಗೊಂಡ ಹಡಗುಗಳನ್ನು ಉಳಿಸಿಕೊಳ್ಳುವ ಪ್ರಶ್ನೆ ನಮ್ಮಲ್ಲಿ ಆಗಾಗ ಏಳುತ್ತದೆ, ಒಂದಿಷ್ಟು ಭಾವಾವೇಶದ ನಂತರ ತಣ್ಣಗಾಗುತ್ತದೆ. ಇದನ್ನು ಕುರಿತು ಯೋಚಿಸಲು ಹಡಗಿನ ಜಾತಿಯಲ್ಲೇ ಅತ್ಯಂತ ವಿಚಿತ್ರವಾದ ಒಂದನ್ನು ಎದುರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅದು ದೀಪನೌಕೆ. ಇಂಗ್ಲಿಷಿನ ಲೈಟ್‌ಶಿಪ್. ಎಲ್ಲ ಹಡಗುಗಳೂ ಎಲ್ಲಿಗಾದರೂ ಹೋಗಲೆಂದು ಹುಟ್ಟಿದರೆ, ಇದು ಎಲ್ಲಿಗೂ ಹೋಗದಿರಲೆಂದೇ ಹುಟ್ಟಿದ್ದು. ಮರಳ ದಿಬ್ಬಗಳು ನೀರಿನಡಿಯಲ್ಲಿ ಜಾಗ ಬದಲಿಸುತ್ತಿರುವ ಕಡೆ, ತಳಪಾಯಕ್ಕೆ ಗಟ್ಟಿ ನೆಲವೇ ಸಿಗದ ಕಡೆ ದೀಪಸ್ತಂಭ ಕಟ್ಟುವುದು ಹಿಂದಿನವರಿಗೆ ಆಗದ ಮಾತಾಗಿತ್ತು. ಹಾಗಾಗಿ ಒಂದು ಹಡಗನ್ನೇ ತಂದು, ಲಂಗರು ಹಾಕಿ, ಅದರ ಕಂಬಕ್ಕೆ ದೀಪ ಕಟ್ಟಿ ನಿಲ್ಲಿಸಿದರು. 1732ರಲ್ಲಿ ಥೇಮ್ಸ್ ನದಿ ಸಮುದ್ರ ಸೇರುವಲ್ಲಿ, ನೋರ್ ಎಂಬ ಮರಳ ದಿಬ್ಬದ ಬಳಿ, ರಾಬರ್ಟ್ ಹ್ಯಾಂಬ್ಲಿನ್ ಮತ್ತು ಡೇವಿಡ್ ಏವರಿ ಎಂಬಿಬ್ಬರು ನಿಲ್ಲಿಸಿದ್ದೇ ಇವುಗಳಲ್ಲಿ ಮೊದಲನೆಯದು. ಅಡ್ಡಕಂಬದ ಎರಡು ತುದಿಗಳಿಗೆ ಎರಡು ಲಾಂದ್ರ. ಹಾದುಹೋಗುವ ಹಡಗುಗಳಿಂದ ಸುಂಕ ವಸೂಲಿ. ಇದು ಸೇವೆಯಷ್ಟೇ ವ್ಯಾಪಾರವೂ ಆಗಿತ್ತು ಎಂಬುದನ್ನು ಮರೆಯಬೇಕಿಲ್ಲ.

ಮುಂದೆ ಈ ನೌಕೆಗಳಿಗೆ ತಮ್ಮದೇ ಆದ ರೂಪ ಬಂತು. ದೂರಕ್ಕೆ ಕಾಣುವಂತೆ ಕೆಂಪು ಬಣ್ಣ, ಪಕ್ಕೆಯ ಮೇಲೆ ಆಳೆತ್ತರದ ಬಿಳಿ ಅಕ್ಷರಗಳಲ್ಲಿ ಠಾಣೆಯ ಹೆಸರು, ಮಂಜು ಕವಿದಾಗ ಊದಲು ಕೊಂಬು. ಬಿರುಗಾಳಿಗೆ ಕಿತ್ತು ಬರದಂತೆ ಅಣಬೆಯನ್ನು ತಲೆಕೆಳಗು ಮಾಡಿದಂತಿರುವ ಭಾರಿ ಲಂಗರು. ಸ್ಕಾಟ್ಲೆಂಡಿನ ಬೆಲ್‌ರಾಕ್ ದೀಪಸ್ತಂಭ ಕಟ್ಟುವಾಗ ರಾಬರ್ಟ್ ಸ್ಟೀವನ್‌ಸನ್ ತನ್ನ ತೇಲುದೀಪಕ್ಕೆ ಬಳಸಿದ್ದು ಇಂಥದ್ದನ್ನೇ. ಮಾಮೂಲಿ ಹಡಗು ಬಿರುಗಾಳಿ ಬಂದರೆ ಬಂದರಿಗೆ ಓಡುತ್ತದೆ. ದೀಪನೌಕೆ ಓಡುವಂತಿಲ್ಲ. ಉಳಿದವರೆಲ್ಲ ದೂರ ಸರಿಯಬೇಕಾದ ಜಾಗದಲ್ಲೇ ಅದು ನಿಂತಿರಬೇಕು. ಅದರಲ್ಲಿದ್ದವರ ಬದುಕು ಹೇಗಿತ್ತೆಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ: ವಾರಗಟ್ಟಲೆ ಒಂದೇ ಜಾಗ, ಒಂದೇ ತೂಗಾಟ, ಅವೇ ಮುಖಗಳು.

ಅಪಾಯ ಬರೀ ಗಾಳಿಯದಲ್ಲ. 1934ರ ಮೇ 15ರಂದು ಅಮೆರಿಕದ ನಾಂಟಕೆಟ್ ಠಾಣೆಯ ದೀಪನೌಕೆಗೆ ಮಂಜಿನಲ್ಲಿ ಡಿಕ್ಕಿ ಹೊಡೆದು ಮುಳುಗಿಸಿದ್ದು ‘ಒಲಿಂಪಿಕ್’ ಎಂಬ ಪ್ರಯಾಣಿಕರ ಹಡಗು, ಅಂದರೆ ಟೈಟಾನಿಕ್‌ನ ಜೊತೆಹುಟ್ಟು. ದೀಪನೌಕೆ ಹೊರಡಿಸುತ್ತಿದ್ದ ರೇಡಿಯೊ ಸಂಕೇತವನ್ನೇ ಗುರಿಯಾಗಿಟ್ಟುಕೊಂಡು ಅದು ಬಂದಿತ್ತು. ದಾರಿ ತೋರಿಸಿದವರನ್ನೇ ತುಳಿದುಕೊಂಡು ಹೋದಂತಾಯಿತು. ಹನ್ನೊಂದು ಜನರಲ್ಲಿ ಏಳು ಮಂದಿ ತೀರಿಕೊಂಡರು. 1954ರ ನವೆಂಬರಿನಲ್ಲಿ ಇಂಗ್ಲೆಂಡಿನ ಸೌತ್ ಗುಡ್ವಿನ್ ದೀಪನೌಕೆ ಬಿರುಗಾಳಿಗೆ ಸರಪಳಿ ಕಿತ್ತು ಮರಳ ದಿಬ್ಬದ ಮೇಲೆ ಮಗುಚಿದಾಗ ಸಿಬ್ಬಂದಿ ಏಳು ಜನರೂ ಸತ್ತರು. ಬದುಕಿದವನೊಬ್ಬನೇ, ಅವನು ನಾವಿಕನೂ ಅಲ್ಲ. ವಲಸೆ ಹಕ್ಕಿಗಳನ್ನು ಗಮನಿಸಲು ಹಡಗಿನಲ್ಲಿ ಉಳಿದುಕೊಂಡಿದ್ದ ಪಕ್ಷಿತಜ್ಞ. ರಾತ್ರಿ ಹಾರುವ ಹಕ್ಕಿಗಳು ದೀಪಕ್ಕೆ ಆಕರ್ಷಿತವಾಗುತ್ತವೆ ಎಂಬ ಕಾರಣಕ್ಕೆ ದೀಪನೌಕೆಗಳು ಪಕ್ಷಿಶಾಸ್ತ್ರಕ್ಕೂ ನೆರವಾಗಿದ್ದವು. ಬಂಡೀಪುರದ ಅಂಚಿನಲ್ಲಿ ವಾಸಿಸುವ ನಮಗೆ ಈ ಸಂಗತಿ ಕುತೂಹಲಕರವಾಗಿ ಕಂಡರೆ ಅಚ್ಚರಿಯಿಲ್ಲ.

ನಂತರ ನಡೆದದ್ದು ಎಲ್ಲ ಕಸುಬುಗಳಲ್ಲೂ ನಡೆಯುವಂಥದ್ದೇ. ದೊಡ್ಡ ಗಾತ್ರದ ಸ್ವಯಂಚಾಲಿತ ತೇಲುಬುರುಡೆಗಳು ಬಂದವು, ಸೌರಶಕ್ತಿ ಬಂತು, ಉಪಗ್ರಹ ಬಂತು. ಅಮೆರಿಕ 1985ರಲ್ಲಿ ತನ್ನ ಕೊನೆಯ ದೀಪನೌಕೆಯನ್ನು ನಿವೃತ್ತಿಗೊಳಿಸಿತು. ಬ್ರಿಟನ್ನಿನಲ್ಲಿ ಕೆಲವು ನೌಕೆಗಳು ಉಳಿದುಕೊಂಡರೂ 1989ರ ಹೊತ್ತಿಗೆ ಅವುಗಳಲ್ಲಿ ಮನುಷ್ಯರು ಇರಲಿಲ್ಲ. ಭಾರತದಲ್ಲಿ ಹೂಗ್ಲಿಯ ಮುಖದಂಥ, ಖಂಬಾತ್ ಕೊಲ್ಲಿಯಂಥ ಮರಳಿನ ಕಾಟವಿರುವ ಕಡೆಗಳಲ್ಲಿ ಇವು ಬೇಕಾದವು. ಬಂಡೆ, ದ್ವೀಪಗಳಿಗೆ ಕೊರತೆಯಿಲ್ಲದ ನಮ್ಮ ಕರಾವಳಿಯಲ್ಲಿ ಹೆಸರಾದದ್ದು ದೀಪಸ್ತಂಭಗಳೇ: ಕಾರವಾರದೆದುರಿನ ದೇವಗಡ ದ್ವೀಪದ 1864ರ ದೀಪ, ಕಾಪುವಿನ ಬಂಡೆಯ ಮೇಲಿನ 1901ರ ದೀಪ. ಆದರೂ ಇವೆಲ್ಲವನ್ನೂ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆಯ ಹೆಸರಿನಲ್ಲಿ ‘ಲೈಟ್‌ಹೌಸ್’ ಜೊತೆಗೆ ‘ಲೈಟ್‌ಶಿಪ್’ ಪದವೂ ಸೇರಿಕೊಂಡಿದೆ. ಹಡಗು ಹೋದರೂ ಫಲಕದಲ್ಲಿ ಹೆಸರು ಉಳಿದಿದೆ.

ನಿವೃತ್ತಿಯಾದವುಗಳ ಪೈಕಿ ಎರಡರ ಕಥೆ ನಮಗೆ ಉಪಯುಕ್ತ. ಮೊದಲನೆಯದು ನಾಂಟಕೆಟ್ ಠಾಣೆಯದೇ. ಮುಳುಗಿದ ನೌಕೆಯ ಬದಲಿಗೆ ಪರಿಹಾರದ ಹಣದಲ್ಲಿ 1936ರಲ್ಲಿ ಕಟ್ಟಿದ ಹೊಸ ನೌಕೆ 1975ರವರೆಗೆ ದುಡಿಯಿತು. 1989ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಪಟ್ಟವೂ ಸಿಕ್ಕಿತು. ಪಟ್ಟ ಸಿಕ್ಕ ಮೇಲೂ ಅದು ಕೈಯಿಂದ ಕೈಗೆ, ದಕ್ಕೆಯಿಂದ ದಕ್ಕೆಗೆ ಅಲೆಯಿತು. ಕೊನೆಗೆ 2009ರಲ್ಲಿ ಅದರ ಉಳಿವಿಗಾಗಿಯೇ ಹುಟ್ಟಿಕೊಂಡ ಒಂದು ಸಂಸ್ಥೆ ಅದನ್ನು ಒಂದು ಡಾಲರಿಗೆ ಕೊಂಡು, ಮರುವರ್ಷ ಬಾಸ್ಟನ್ನಿಗೆ ಎಳೆದು ತಂದಿತು. ಒಂದು ಡಾಲರ್ ಎಂದರೆ ಅಗ್ಗವಾಯಿತೆಂದು ತಿಳಿಯಬಾರದು. ಹಡಗನ್ನು ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂಬುದನ್ನು ಆ ಬೆಲೆಯೇ ಹೇಳುತ್ತಿದೆ. ಎರಡನೆಯದು ಇಂಗ್ಲೆಂಡಿನ ಲಿವರ್‌ಪೂಲಿನದು. ಮರ್ಸಿ ನದೀಮುಖದ ಕೊನೆಯ ದೀಪನೌಕೆ ‘ಪ್ಲಾನೆಟ್’ 1972ರಲ್ಲಿ ಆ ಠಾಣೆ ಬಿಟ್ಟು, ಬೇರೆಡೆ ಕೆಲಸ ಮಾಡಿ, ನಿವೃತ್ತಿಯ ನಂತರ ಊರಿಗೆ ಮರಳಿ ದಕ್ಕೆಯಲ್ಲಿ ಕಾಫಿ ಅಂಗಡಿಯಾಗಿ ನಿಂತಿತ್ತು. ದಕ್ಕೆಯ ಬಾಡಿಗೆ ಬಾಕಿಯ ತಗಾದೆಯಲ್ಲಿ 2016ರಲ್ಲಿ ಅದನ್ನು ವಶಪಡಿಸಿಕೊಂಡು ದೂರದ ಬಂದರಿಗೆ ಸಾಗಿಸಲಾಯಿತು. ಊರಿನವರು ಪ್ರತಿಭಟಿಸಿದರು. ಐತಿಹಾಸಿಕ ನೌಕೆಗಳ ಪಟ್ಟಿಯನ್ನೇ ಇಟ್ಟುಕೊಂಡಿರುವ ದೇಶದಲ್ಲೂ, ಆ ಪಟ್ಟಿಗೆ ಕಟ್ಟಡಗಳಿಗಿರುವಂಥ ಕಾನೂನಿನ ಬಲ ಇರಲಿಲ್ಲ.

ಕಟ್ಟಡಕ್ಕೂ ಹಡಗಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಕಲ್ಲಿನ ಗುಡಿಯನ್ನು ಹತ್ತು ವರ್ಷ ಮರೆತರೆ ಗಿಡಗಂಟಿ ಬೆಳೆದೀತು, ಬಾವಲಿ ಸೇರೀತು. ನೀರಿನಲ್ಲಿರುವ ಉಕ್ಕಿನ ಹಡಗನ್ನು ಹತ್ತು ವರ್ಷ ಮರೆತರೆ ಅದು ತಳ ಕಂಡುಬಿಡಬಹುದು. ಉಪ್ಪುನೀರಿನಲ್ಲಿ ಉಕ್ಕು ಎಡೆಬಿಡದೆ ತುಕ್ಕಾಗುತ್ತಿರುತ್ತದೆ; ಕೆಲವು ವರ್ಷಗಳಿಗೊಮ್ಮೆ ಹಡಗನ್ನು ಒಣದಕ್ಕೆಗೆ ಏರಿಸಿ, ತಳದ ಚಿಪ್ಪು ಕೆರೆದು, ತಗಡಿನ ದಪ್ಪ ಅಳೆದು, ಸವೆದದ್ದನ್ನು ಬದಲಿಸಿ ಬಣ್ಣ ಬಳಿಯಬೇಕು. ಸೇವೆಯಲ್ಲಿದ್ದಾಗ ಈ ಖರ್ಚು ಯಾವುದೋ ಇಲಾಖೆಯ ಲೆಕ್ಕದಲ್ಲಿ ಸದ್ದಿಲ್ಲದೆ ಹೋಗುತ್ತಿರುತ್ತದೆ. ನಿವೃತ್ತಿಯ ಮಾರನೆಯ ದಿನ ಅದೇ ಖರ್ಚು ಅನಾಥವಾಗುತ್ತದೆ. ಚಲಿಸಲೆಂದು ಮಾಡಿದ ವಸ್ತು ನಿಂತ ಕೂಡಲೇ ಬೇಗ ಕೆಡುತ್ತದೆ ಎಂಬ ಈ ಸರಳ ಸತ್ಯವನ್ನು ನಮ್ಮ ಸಂರಕ್ಷಣೆಯ ಚರ್ಚೆಗಳು ಗಂಭೀರವಾಗಿ ತೆಗೆದುಕೊಂಡಂತಿಲ್ಲ.

ಇದಕ್ಕೆ ತಕ್ಕ ಬೆಲೆಯನ್ನು ದೇಶ ತೆತ್ತಿದೆ. 1961ರಲ್ಲಿ ನೌಕಾಪಡೆ ಸೇರಿ, 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೆಸರು ಮಾಡಿದ ಮೊದಲ ವಿಮಾನವಾಹಕ ಹಡಗು ‘ವಿಕ್ರಾಂತ್’ 1997ರ ಜನವರಿಯಲ್ಲಿ ನಿವೃತ್ತವಾಯಿತು. ಮುಂಬೈಯಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದಾಗ ಜನ ಸಾಲುಗಟ್ಟಿ ನೋಡಿದರು. ಶಾಶ್ವತ ವ್ಯವಸ್ಥೆಗಾಗಿ ಮಾತುಕತೆಗಳು ವರ್ಷಗಟ್ಟಲೆ ನಡೆದವು. ಅಷ್ಟರಲ್ಲಿ ಹಡಗಿನ ತಳ ತನ್ನ ಲೆಕ್ಕಾಚಾರ ಮುಗಿಸಿತ್ತು. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಬಾಗಿಲು ಮುಚ್ಚಿತು, 2014ರಲ್ಲಿ ಗುಜರಿಗೆ ಹರಾಜಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿಬಂದ ಮೇಲೆ ಅದೇ ವರ್ಷ ಒಡೆಯುವ ಕೆಲಸ ಆರಂಭವಾಯಿತು. ಅದರ ಉಕ್ಕನ್ನು ಕರಗಿಸಿ ಬೆರೆಸಿದ ಮೋಟಾರ್‌ಸೈಕಲ್ ಎರಡು ವರ್ಷಗಳಲ್ಲಿ ಮಾರುಕಟ್ಟೆಗೆ ಬಂತು. ‘ವಿರಾಟ್’ 2017ರಲ್ಲಿ ನಿವೃತ್ತವಾಗಿ 2020ರಲ್ಲಿ ಅಲಂಗ್ ತೀರ ಸೇರಿತು.

ಇದಕ್ಕೆ ಎದುರಾಗಿ ವಿಶಾಖಪಟ್ಟಣದ ಜಲಾಂತರ್ಗಾಮಿ ‘ಕುರ್ಸುರಾ’ ಇದೆ. 2001ರಲ್ಲಿ ನಿವೃತ್ತಿಯಾದ ಅದನ್ನು ದಡಕ್ಕೆಳೆದು ಕಾಂಕ್ರೀಟ್ ಪೀಠದ ಮೇಲೆ ಕೂರಿಸಿ 2002ರಲ್ಲಿ ಜನರಿಗೆ ತೆರೆದರು. ನೌಕಾಪಡೆಯ ನಿವೃತ್ತರನ್ನೇ ಅಲ್ಲಿ ಮಾರ್ಗದರ್ಶಕರನ್ನಾಗಿ ನೇಮಿಸಿಕೊಂಡಿದ್ದು ಇನ್ನೊಂದು ಜಾಣತನ. ಅದೇ ಮಾದರಿಯಲ್ಲಿ ನಮ್ಮ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 2006ರಿಂದ ನಿಂತಿರುವುದು ಕ್ಷಿಪಣಿ ದೋಣಿ ‘ಚಪಲ್’. ಪತ್ರಿಕೆಗಳಲ್ಲಿ ‘ಚಾಪೆಲ್’ ಎಂದು ಬರೆಯುವ ರೂಢಿಯಾಗಿ ಅದಕ್ಕೊಂದು ಇಗರ್ಜಿಯ ಛಾಯೆ ಬಂದುಬಿಟ್ಟಿದೆ. ಮೂಲ ಪದದ ಅರ್ಥ ಚುರುಕಾದದ್ದು ಎಂದು. ಕನ್ನಡದಲ್ಲಿ ಆ ಪದ ಬಾಯಿರುಚಿಯ ಕಡೆಗೆ ಜಾರಿಕೊಂಡಿರುವುದರಿಂದ ಮುಜುಗರವಾಗಿರಬಹುದೇನೊ.

ಹೆಸರಿಗಿಂತ ಮುಖ್ಯವಾದದ್ದು ಇತಿಹಾಸ. ಈ ದೋಣಿ 1971ರ ಯುದ್ಧದಲ್ಲಿ ಕರಾಚಿಯ ಮೇಲಿನ ದಾಳಿಯಲ್ಲಿ ಭಾಗವಹಿಸಿತ್ತು ಎಂದು ಪ್ರವಾಸಿಗರು ಹೇಳುವುದನ್ನು, ಎಷ್ಟೋ ಕಡೆ ಬರೆದಿರುವುದನ್ನು ನೋಡುತ್ತೇವೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಹೋದವು ಅದಕ್ಕಿಂತ ಹಿಂದಿನ ತಲೆಮಾರಿನ ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಅವುಗಳ ತಮ್ಮ ಎನ್ನಬಹುದು. 2005ರವರೆಗೆ ಸುಮಾರು ಮೂರು ದಶಕ ದುಡಿದ ಹಡಗಿಗೆ ತನ್ನದೇ ಆದ ಚರಿತ್ರೆ ಇರುವಾಗ ಅಣ್ಣಂದಿರ ಪದಕವನ್ನು ಅದರ ಎದೆಗೆ ಚುಚ್ಚಬೇಕಾದ ಅಗತ್ಯವಿಲ್ಲ. ಸಂರಕ್ಷಣೆ ಎಂದರೆ ತಗಡಿಗೆ ಬಣ್ಣ ಬಳಿಯುವುದಷ್ಟೇ ಅಲ್ಲ, ಅದರ ಕುರಿತ ಮಾತನ್ನು ಸರಿಯಾಗಿ ಇಡುವುದು ಕೂಡ. ಇನ್ನು ಬಣ್ಣದ ವಿಷಯ: ನೆಲದ ಮೇಲಿದ್ದರೂ ಕಡಲಂಚಿನ ಉಪ್ಪುಗಾಳಿಗೆ, ಕಾರವಾರದ ಮಳೆಗೆ ರಿಯಾಯಿತಿ ತಿಳಿದಿಲ್ಲ. ಉದ್ಘಾಟನೆಯ ವರ್ಷ ಸಿಗುವ ಹಣ ಇಪ್ಪತ್ತನೆಯ ವರ್ಷವೂ ಸಿಗುವಂತೆ ವ್ಯವಸ್ಥೆ ಮಾಡದಿದ್ದರೆ ಇಂಥ ಯಾವ ಹಡಗೂ ಉಳಿಯುವುದಿಲ್ಲ.

ಕಾನೂನಿನಲ್ಲಿ ಇವಕ್ಕೆ ಜಾಗ ಎಲ್ಲಿದೆ ಎಂದು ಹುಡುಕಿದರೆ ನಿರಾಸೆಯಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೂ 1972ರ ಪುರಾತನ ವಸ್ತುಗಳ ಕಾಯ್ದೆಯೂ ಸಾಮಾನ್ಯವಾಗಿ ನೂರು ವರ್ಷದ ಗಡಿ ಇಟ್ಟುಕೊಂಡಿವೆ. ಉಕ್ಕಿನ ಹಡಗೊಂದು ಮೂವತ್ತು ವರ್ಷಕ್ಕೆ ನಿವೃತ್ತವಾಗಿ ಉಳಿದ ಎಪ್ಪತ್ತು ವರ್ಷ ಕಾನೂನಿಗಾಗಿ ಕಾಯುತ್ತ ಕೂರಲಾರದು. 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ ಬಂದ 2021ರ ಹೊಸ ಕಾಯ್ದೆ ‘ಪಾರಂಪರಿಕ ದೀಪಸ್ತಂಭ’ ಎಂಬ ವರ್ಗವನ್ನು ಮಾಡಿರುವುದು ಒಳ್ಳೆಯದೇ. 2024ರ ಫೆಬ್ರುವರಿಯಲ್ಲಿ ದೇಶದ 75 ದೀಪಸ್ತಂಭಗಳಲ್ಲಿ ಪ್ರವಾಸಿ ಸೌಲಭ್ಯಗಳೂ ಬಂದವು. ಸ್ತಂಭಕ್ಕೆ ಸಿಕ್ಕ ಮರ್ಯಾದೆ ತೇಲುವ, ಉರುಳುವ ವಸ್ತುಗಳಿಗೂ ಸಿಗಬೇಕಾಗಿದೆ.

ಉರುಳುವ ವಸ್ತು ಎಂದಾಗ ಚಾಮರಾಜನಗರದವರಿಗೆ ನೆನಪಾಗುವುದು ತೇರು. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ಹೊಸ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಅದರ ತೇರು ಆಷಾಢದಲ್ಲಿ ಹರಿಯುತ್ತದೆ. ಬೇರೆಡೆ ಶುಭಕಾರ್ಯಗಳಿಗೆ ಬಿಡುವು ಕೊಡುವ ತಿಂಗಳಲ್ಲಿ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ತವರಿಗೆ ಹೋದ ಹೊಸ ಮದುಮಗಳು ಗಂಡನನ್ನು ಕೂಡಿಕೊಂಡು ಇಲ್ಲಿ ತೇರಿಗೆ ಹಣ್ಣು ಜವನ ಎಸೆಯುತ್ತಾಳೆ. ವರ್ಷದಲ್ಲಿ ಒಂದು ದಿನ ಚಲಿಸಿ ಉಳಿದ ದಿನ ನಿಂತಿರುವ ಮರದ ರಥಕ್ಕೂ, ಎಂದೂ ಚಲಿಸದ ಹಡಗಿಗೂ ಸಂರಕ್ಷಣೆಯ ಸಮಸ್ಯೆ ಬಹುಪಾಲು ಒಂದೇ. ಬಿಸಿಲು, ಮಳೆ, ಗೆದ್ದಲು, ಬೆಂಕಿ. 2017ರಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ಆ ತೇರು ಸಿಲುಕಿತು. ಆಮೇಲೆ ಐದು ವರ್ಷ ಊರು ರಥೋತ್ಸವವಿಲ್ಲದೆ ಆಷಾಢ ಕಳೆಯಿತು. ಹೊಸ ತೇರು ಸಿದ್ಧವಾಗಿ ಉತ್ಸವ ಮತ್ತೆ ನಡೆದದ್ದು 2022ರ ಜುಲೈಯಲ್ಲಿ. ಆ ನಡುವೆ ಮದುವೆಯಾದ ದಂಪತಿಗಳಿಗೆ ತಮ್ಮ ಪಾಲಿನ ತೇರು ಸಿಗಲೇ ಇಲ್ಲ. ನಷ್ಟವನ್ನು ಮರದ ಬೆಲೆಯಲ್ಲಿ ಅಳೆಯುವವರಿಗೆ ಈ ಲೆಕ್ಕ ಸಿಗುವುದಿಲ್ಲ.

ತೇರಿನ ವಿಷಯದಲ್ಲಿ ನಮ್ಮ ಸಮಾಜಕ್ಕೆ ಹಡಗಿನವರಿಗಿಲ್ಲದ ಒಂದು ಅನುಕೂಲವಿದೆ. ಸವೆದ ಅಚ್ಚನ್ನು, ಬಿರುಕು ಬಿಟ್ಟ ಗಾಲಿಯನ್ನು ಬದಲಿಸಿದರೆ ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಪೂರ್ತಿ ಹೊಸದಾದರೂ ಅದು ಅದೇ ದೇವರ ಅದೇ ತೇರು. ಬಳಕೆ ಮುಂದುವರಿಯುವುದೇ ಇಲ್ಲಿ ಸಂರಕ್ಷಣೆ. ಮಲಬಾರಿನ ತೇಗದಿಂದ ಬೊಂಬಾಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇನ್ನೂ ತೇಲುತ್ತಿರುವುದಕ್ಕೆ ನಮ್ಮ ನೆರೆಯ ಕಾಡುಗಳ ಮರದ ಗಟ್ಟಿತನ ಒಂದು ಕಾರಣ. ಆದರೆ ಅದು ತರಬೇತಿ ಹಡಗಾಗಿ ದಶಕಗಟ್ಟಲೆ ಬಳಕೆಯಲ್ಲಿದ್ದದ್ದು ಮತ್ತು 2001ರವರೆಗೆ ವರ್ಷಗಟ್ಟಲೆ ಕುಶಲಕರ್ಮಿಗಳು ತಾಳ್ಮೆಯಿಂದ ದುರಸ್ತಿ ಮಾಡಿದ್ದು ಅಷ್ಟೇ ದೊಡ್ಡ ಕಾರಣ.

ಹಾಗೆಂದು ಕಲ್ಲಿನದ್ದು ತಾನಾಗಿಯೇ ಉಳಿದೀತೆಂಬ ಭ್ರಮೆಯೂ ಬೇಡ. ಮೈಸೂರಿನಿಂದ ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಹೋಗುವವರು ನಂಜನಗೂಡಿನಲ್ಲಿ ಕಪಿಲಾ ನದಿಯ ಹಳೆಯ ಸೇತುವೆಯನ್ನು ಕಂಡಿರುತ್ತಾರೆ. ಹದಿನೆಂಟನೆಯ ಶತಮಾನದ ದಳವಾಯಿಗಳ ಕಾಲದ್ದು, ರೈಲನ್ನೂ ಹೊತ್ತದ್ದು, ಅದು ನಿಂತಿದೆ. ನಮ್ಮದೇ ಜಿಲ್ಲೆಯ ಕೊಳ್ಳೇಗಾಲದ ಬಳಿ, ಶಿವನಸಮುದ್ರದಲ್ಲಿ ಕಾವೇರಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ವೆಸ್ಲಿ ಸೇತುವೆ ಸಂಚಾರದಿಂದ ನಿವೃತ್ತಿಯಾದ ಮೇಲೆ 2018ರ ಪ್ರವಾಹದಲ್ಲಿ ಒಂದು ಭಾಗವನ್ನು ಕಳೆದುಕೊಂಡಿತು. ಗಾಡಿ ಓಡುವ ಸೇತುವೆಯ ಬಿರುಕನ್ನು ಮರುದಿನವೇ ಯಾರಾದರೂ ವರದಿ ಮಾಡುತ್ತಾರೆ. ಓಡದ ಸೇತುವೆಯ ಬಿರುಕು ನದಿಗೆ ಮಾತ್ರ ಗೊತ್ತಿರುತ್ತದೆ.

ಎಲ್ಲವನ್ನೂ ಉಳಿಸಬೇಕೆಂಬ ವಾದ ನಮ್ಮದಲ್ಲ. ಸಾಕಲಾಗದ ಹಡಗನ್ನು ತಂದು ತೀರದಲ್ಲಿ ಕೊಳೆಯಿಸುವುದಕ್ಕಿಂತ, ಅದರ ನಕ್ಷೆ, ಛಾಯಾಚಿತ್ರ, ದಿನಚರಿ ಪುಸ್ತಕ ಮತ್ತು ಒಂದೆರಡು ಮುಖ್ಯ ಭಾಗಗಳನ್ನು ಇಟ್ಟುಕೊಂಡು ಗೌರವದಿಂದ ಬೀಳ್ಕೊಡುವುದು ಮೇಲು. ವಿಕ್ರಾಂತ್ ವಿಷಯದಲ್ಲಿ ತಪ್ಪಾದದ್ದು ಒಡೆದದ್ದರಲ್ಲಿ ಅಲ್ಲ, ಉಳಿಸುತ್ತೇವೆಂದು ಹೇಳುತ್ತ ಹದಿನೈದು ವರ್ಷ ತೀರ್ಮಾನ ಮಾಡದೆ ಕಳೆದದ್ದರಲ್ಲಿ. ಉಳಿಸುವುದೇ ಆದರೆ ಮಾಲೀಕತ್ವ ಯಾರದು, ತಪಾಸಣೆ ಎಷ್ಟು ವರ್ಷಕ್ಕೊಮ್ಮೆ, ದುರಸ್ತಿಯ ಹಣ ಯಾವ ನಿಧಿಯ ಬಡ್ಡಿಯಿಂದ ಎಂಬ ಮೂರು ಪ್ರಶ್ನೆಗೆ ಲಿಖಿತ ಉತ್ತರ ಸಿಕ್ಕ ಮೇಲೆಯೇ ರಾಜ್ಯ ಸರ್ಕಾರ ನೌಕಾಪಡೆಯಿಂದಾಗಲಿ ಬಂದರು ಇಲಾಖೆಯಿಂದಾಗಲಿ ಯಾವುದೇ ನೌಕೆಯನ್ನು ಸ್ವೀಕರಿಸಬೇಕು. ಕಾರವಾರಕ್ಕೆ ಈಗಲೂ ಅಂಥ ಒಂದು ಕಾಯಂ ನಿಧಿ ಮಾಡಿಡಲು ತಡವಾಗಿಲ್ಲ. ಪ್ರವೇಶದ ಟಿಕೆಟ್ ಹಣದಲ್ಲಿ ಹಡಗು ಸಾಕುತ್ತೇವೆಂಬ ಅಂದಾಜು ಎಲ್ಲಿಯೂ ಸುಲಭವಾಗಿ ಕೈಹಿಡಿದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಕೇಳಬೇಕಾದದ್ದು ಇನ್ನೂ ಸಣ್ಣದು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ದೇವಾಲಯಗಳಲ್ಲಿ ತಗಡಿನ ಮನೆಯೊಳಗೋ ಬಯಲಲ್ಲೋ ನಿಂತಿರುವ ತೇರುಗಳೆಷ್ಟು, ಅವುಗಳಲ್ಲಿ ಹರಿಯುವವೆಷ್ಟು, ಯಾವುದರ ಕೆತ್ತನೆ ಯಾವ ಕಾಲದ್ದು ಎಂಬುದರ ಪಟ್ಟಿಯನ್ನು ಮುಜರಾಯಿ ಇಲಾಖೆ ಮತ್ತು ಪುರಾತತ್ತ್ವ ಇಲಾಖೆ ಸೇರಿ ಮಾಡಬೇಕು. ಪ್ರತಿ ತೇರಿಗೂ ಬಾಗಿಲು ಬೀಗವಿರುವ ರಥದ ಮನೆ, ಪಕ್ಕದಲ್ಲಿ ನೀರಿನ ಕೊಳಾಯಿ, ರಾತ್ರಿ ಕಾವಲು ಇರಬೇಕು. ಗಾಲಿ ಕೂರಿಸುವ, ಅಚ್ಚು ಬದಲಿಸುವ ಬಡಗಿಗಳ ಕೆಲಸವನ್ನು ಅವರ ಬಾಯಿಂದಲೇ ಕೇಳಿ, ಅಳತೆ ಸಮೇತ ಬರೆದಿಡಬೇಕು. ಅವರಲ್ಲಿ ಹಲವರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಇದಕ್ಕೆ ಒಣದಕ್ಕೆ ಬೇಡ, ಕೋಟಿಗಟ್ಟಲೆ ಅನುದಾನವೂ ಬೇಡ. ಒಂದು ಕ್ಯಾಮೆರಾ, ಒಂದು ಅಳತೆ ಟೇಪು, ಕಾಲೇಜಿನ ಇತಿಹಾಸ ವಿಭಾಗದ ನಾಲ್ಕು ಹುಡುಗರು ಸಿಕ್ಕರೆ ಮುಂದಿನ ಆಷಾಢಕ್ಕೆ ಮೊದಲೇ ಮುಗಿಸಬಹುದಾದ ಕೆಲಸ.